ಅಕ್ಷರ ಮತ್ತು ಅಳತೆಗೋಲು: ಮಕ್ಕಳ ಮೊದಲ ಓದಿನ ಸಂಶೋಧನೆಯ ಪರಿಶೀಲನೆ

ಶಾಲೆಗೆ ಸೇರುವ ಮುನ್ನವೇ ಮಗು ಮನೆಮಾತಿನ ವ್ಯಾಕರಣವನ್ನು ಬಹುಮಟ್ಟಿಗೆ ವಶಮಾಡಿಕೊಂಡಿರುತ್ತದೆ. ಇದು ಬರಿಯ ಅನುಕರಣೆಯಲ್ಲವೆಂಬುದನ್ನು ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿಕೊಟ್ಟಿತು. ಇಂಗ್ಲಿಷ್ ಮಾತಾಡುವ ಮಕ್ಕಳು ತಾವೆಂದೂ ಕೇಳಿರದ ಕಲ್ಪಿತ ಪದಗಳಿಗೂ ಬಹುವಚನ ರೂಪವನ್ನು ಕೊಟ್ಟರು. ಓದಿನ ಸಂಗತಿ ಬೇರೆ, ಅದನ್ನು ಕಲಿಸಬೇಕಾಗುತ್ತದೆ. ಆ ಕಲಿಕೆಯನ್ನು ಅಳೆಯುವ ಮಾನದಂಡ ಯಾವ ಲಿಪಿಯ ಅನುಭವದಿಂದ ರೂಪುಗೊಂಡಿತೆಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ.

ಪದವನ್ನು ಬಿಡಿ ಧ್ವನಿಮಾಗಳಾಗಿ ಒಡೆಯಬಲ್ಲ ಮಗು ಓದಿಗೆ ಸಿದ್ಧವಾಗಿದೆ ಎಂಬ ತಿಳಿವಳಿಕೆ ಮುಖ್ಯವಾಗಿ ಇಂಗ್ಲಿಷ್ ಓದಿನ ಅಧ್ಯಯನಗಳಿಂದ ಬೆಳೆದುಬಂದಿತು. ಆದರೆ ಮೊರೈಸ್ ಮತ್ತು ಸಂಗಡಿಗರು 1979ರಲ್ಲಿ ಪೋರ್ಚುಗಲ್‌ನ ನಿರಕ್ಷರಿ ವಯಸ್ಕರನ್ನು ಪರೀಕ್ಷಿಸಿದಾಗ, ಪದದ ಮೊದಲ ಧ್ವನಿಯನ್ನು ಕಳೆಯುವುದು ಅಥವಾ ಕೂಡಿಸುವುದು ಅವರಿಗೆ ಕಷ್ಟವಾಯಿತು. ಧ್ವನಿಮಾಪ್ರಜ್ಞೆ ತಾನಾಗಿ ಬೆಳೆಯುವಂಥದಲ್ಲ, ವರ್ಣಲಿಪಿಯ ಕಲಿಕೆಯೇ ಅದನ್ನು ಬೆಳೆಸುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂದಿತು. ಧ್ವನಿಮಾ ಪರೀಕ್ಷೆಗಳಲ್ಲಿ ಹಿಂದುಳಿದವರೂ ಭಾರತೀಯ ಲಿಪಿಗಳಲ್ಲಿ ಚೆನ್ನಾಗಿ ಓದಬಲ್ಲರೆಂಬುದನ್ನು 1990ರ ದಶಕದಲ್ಲಿ ಪ್ರತಿಭಾ ಕಾರಂತ್ ಮತ್ತು ಸಹಸಂಶೋಧಕರ ಅಧ್ಯಯನಗಳು ಮುಂದಿಟ್ಟವು.

ಇದಕ್ಕೆ ಕಾರಣ ಲಿಪಿಯ ರಚನೆಯಲ್ಲಿದೆ. ಕನ್ನಡದಲ್ಲಿ ಬರಹದ ಘಟಕ ಅಕ್ಷರ. ಅಂತ್ಯಾಕ್ಷರಿ ಆಡುವ ಮಗು ಮಾತನ್ನು ಒಡೆಯುವುದೂ ಅಕ್ಷರಕ್ಕೇ. ವರ್ಣಮಾಲೆಯ ವರ್ಣಗಳು 49 ಮಾತ್ರ. ಆದರೆ 34 ವ್ಯಂಜನಗಳ ಕಾಗುಣಿತವೊಂದೇ ನಾನೂರನ್ನು ಮೀರುತ್ತದೆ. ಅದರಾಚೆ ಒತ್ತಕ್ಷರಗಳಿವೆ; ತ, ನ, ಮ, ಯ, ರ, ಲಗಳ ಒತ್ತುಗಳು ಮೂಲರೂಪವನ್ನು ಹೋಲುವುದಿಲ್ಲ. ‘ರಸ್ತೆ’ ಎಂಬ ಪದದಲ್ಲಿ ಎಕಾರ ಕೇಳಿಸುವುದು ತಕಾರದ ಅನಂತರ, ಕಾಣಿಸುವುದು ಸಕಾರದ ಮೇಲೆ. ಕಿವಿಯ ಕ್ರಮಕ್ಕೂ ಕಣ್ಣಿನ ಕ್ರಮಕ್ಕೂ ಇರುವ ಈ ಅಂತರವನ್ನು ಮಗು ದಾಟಬೇಕು.

ಸೋನಾಲಿ ನಾಗ್ ಅವರ 2007ರ ಅಧ್ಯಯನದ ಮಹತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಕನ್ನಡದ ಮಕ್ಕಳ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ವಿಸ್ತರಿಸುತ್ತಲೇ ಇರುತ್ತದೆ, ಧ್ವನಿಮಾಪ್ರಜ್ಞೆ ನಿಧಾನವಾಗಿ ಮೂಡುತ್ತದೆ ಎಂದು ಅದು ಗುರುತಿಸಿತು. ಇಪ್ಪತ್ತಾರು ಅಕ್ಷರಗಳ ಲಿಪಿಗೆ ಹೊಂದಿಸಿದ ಕಾಲಮಿತಿಯಲ್ಲಿ ಈ ಮಕ್ಕಳನ್ನು ಅಳೆದರೆ, ಲಿಪಿಯ ವಿಸ್ತಾರವೇ ಮಗುವಿನ ಕೊರತೆಯಾಗಿ ದಾಖಲಾಗುವ ಅಪಾಯವಿದೆ.

ಆದರೂ ಅಕ್ಷರಜ್ಞಾನದ ಎಣಿಕೆಯೊಂದೇ ಸಾಲದು. ‘ಹಾಲು’ ಎಂಬುದನ್ನು ‘ಆಲು’ ಎನ್ನುವ ಮನೆಯಿಂದ ಬಂದ ಮಗು ಹಾಗೆಯೇ ಬರೆದರೆ, ಅದು ತಾನು ಕೇಳಿದ ಧ್ವನಿಯನ್ನು ಸರಿಯಾಗಿಯೇ ಗುರುತಿಸಿದೆ. ಅದಕ್ಕಿನ್ನೂ ಒದಗದಿರುವುದು ಗ್ರಂಥಭಾಷೆಯ ಪರಿಚಯ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆಗಿರುವ ಮಗುವಿಗೆ ಲಿಪಿಯೊಡನೆ ಪದಗಳೂ ಹೊಸವು. ಈ ಭಿನ್ನ ತೊಡಕುಗಳನ್ನೆಲ್ಲ ‘ತಪ್ಪು’ ಎಂಬ ಒಂದೇ ಕಲಮಿನಡಿ ಸೇರಿಸುವ ಪರೀಕ್ಷೆ ಕಲಿಕೆಯ ಸ್ವರೂಪವನ್ನು ಮರೆಮಾಡುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ವಯಸ್ಸನ್ನು ಬುನಾದಿ ಹಂತವೆಂದು ಪರಿಗಣಿಸಿತು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಯ ಕೊನೆಗೆ ಓದಿನ ಗುರಿಯನ್ನು ನಿಗದಿಪಡಿಸಿತು. ಗುರಿ ಸ್ವಾಗತಾರ್ಹವೇ. ಆದರೆ ಅದನ್ನು ಅಳೆಯುವ ಸಾಧನ ಕಾಗುಣಿತ, ಒತ್ತಕ್ಷರ ಮತ್ತು ಮನೆಮಾತುಗಳನ್ನು ಬೇರೆಬೇರೆಯಾಗಿ ಗುರುತಿಸುವಂತಿರಬೇಕು. ಇಲ್ಲವಾದರೆ ‘ಹಿಂದುಳಿದವನು’ ಎಂಬ ಹೆಸರನ್ನು ಆರನೆಯ ವಯಸ್ಸಿನಲ್ಲೇ ಹೊರುವ ಮಗು, ತನ್ನದಲ್ಲದ ಅಳತೆಗೋಲಿನ ತಪ್ಪಿಗೆ ದಂಡ ತೆತ್ತಂತಾಗುತ್ತದೆ.