ಮೈಕಿಗೇರಿದ ಮಾಳಿಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರರಲ್ಲಿ ಯಾವ ಊರಿನ ಸುಗಮ ಸಂಗೀತ ಕಾರ್ಯಕ್ರಮಕ್ಕೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: ಸಿ. ಅಶ್ವತ್ಥ್ ಹಾಡದಿದ್ದರೆ ಶಿಶುನಾಳ ಷರೀಫರು ನಮಗೆ ಸಿಗುತ್ತಲೇ ಇರಲಿಲ್ಲ. ನಿರೂಪಕರು ಹೇಳುತ್ತಾರೆ, ಅತಿಥಿಗಳು ಹೇಳುತ್ತಾರೆ, ವಿಮರ್ಶೆ ಬರೆಯುವವರೂ ಹೇಳುತ್ತಾರೆ. ದೂರದ ಊರಿನಲ್ಲಿ ಈ ಮಾತು ಕೇಳಿದರೆ ಸುಮ್ಮನಿರಬಹುದು. ಷರೀಫರು ಹುಟ್ಟಿ, ಬದುಕಿ, ಮಣ್ಣಾದ ಜಿಲ್ಲೆಯಲ್ಲಿ, ಶ್ರಾವಣ ಬಂದರೆ ಓಣಿ ಓಣಿಯಲ್ಲಿ ಭಜನೆ ಕೂಡುವ ಊರುಗಳಲ್ಲಿ ನಿಂತು ಹೀಗೆಂದರೆ ನನಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಅಶ್ವತ್ಥರ ಷರೀಫ್ ಗಾಯನಕ್ಕೆ ಸಂದಿರುವ ಹೊಗಳಿಕೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು. ಆ ಹೊಗಳಿಕೆಯ ಕೆಳಗೆ ಮತ್ತೊಂದು ಗಾಯನ ಹುಗಿದುಹೋಗಿದೆ.

ಅಶ್ವತ್ಥರ ಋಣ ಯಾವುದೆಂದು ನನಗೂ ಗೊತ್ತಿದೆ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಕೂಡಿಸಿ ಸಂಪಾದಿಸಿದ್ದು, ಅಶ್ವತ್ಥ್ ಅವಕ್ಕೆ ರಾಗ ಕೂಡಿಸಿದ್ದು, ಕ್ಯಾಸೆಟ್ಟುಗಳು ಮನೆ ಮನೆಗೆ ಹೋದದ್ದು, 1990ರಲ್ಲಿ ಷರೀಫರ ಕುರಿತ ನಾಗಾಭರಣರ ಸಿನಿಮಾ ಬಂದು ರಾಷ್ಟ್ರಪ್ರಶಸ್ತಿ ಪಡೆದದ್ದು, ಶಿವಮೊಗ್ಗ ಸುಬ್ಬಣ್ಣನವರ ದನಿಯಲ್ಲಿ ‘ಕೋಡಗನ’ ಪದ ಶಾಲೆಯ ಮಕ್ಕಳ ಬಾಯಿಗೂ ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ಮೈಸೂರು ಸೀಮೆಯ ಕಿವಿಗೆ ಧಾರವಾಡ ಸೀಮೆಯ ತತ್ವಪದ ಮುಟ್ಟಿದ್ದು ಹೀಗೆಯೇ. ಅದು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಮುಟ್ಟಿಸುವುದು ಬೇರೆ, ಬದುಕಿಸುವುದು ಬೇರೆ. 1889ರಲ್ಲಿ ತೀರಿಕೊಂಡ ಕವಿಯ ಪದಗಳು ಕ್ಯಾಸೆಟ್ಟು ಬರುವವರೆಗಿನ ತೊಂಬತ್ತು ಚಿಲ್ಲರೆ ವರ್ಷ ಎಲ್ಲಿದ್ದವು? ಬರೆದಿಟ್ಟುಕೊಂಡ ಶಿಷ್ಯರ ಹಸ್ತಪ್ರತಿಗಳಲ್ಲಿದ್ದವು. ಅದಕ್ಕಿಂತ ಹೆಚ್ಚಾಗಿ ಭಜನಾ ಮೇಳಗಳ ಬಾಯಲ್ಲಿದ್ದವು. ಸಂಪಾದಕರ ಕೈಗೆ ಪದ ಸಿಕ್ಕಿದ್ದೇ ಆ ಬಾಯಿಗಳು ಮರೆಯದೆ ಇದ್ದದ್ದರಿಂದ.

ಒಂದೇ ಪದವನ್ನು ಹಿಡಿದು ನೋಡೋಣ. ‘ಸೋರುತಿಹುದು’ ಎಂದು ಶುರುವಾಗುವ ಆ ಪದ ಅಶ್ವತ್ಥರ ಹೆಸರಿನ ಜೊತೆ ಎಷ್ಟು ಅಂಟಿಕೊಂಡಿದೆಯೆಂದರೆ ಅದನ್ನು ಬೇರೆ ದನಿಯಲ್ಲಿ ನೆನೆಸಿಕೊಳ್ಳಲು ಪ್ರಯತ್ನಪಡಬೇಕು. ನನ್ನ ತಕರಾರು ಇರುವುದು ಅಲ್ಲಿಯೇ.

ಮೊದಲು ಆ ಪದದಲ್ಲಿ ಸೋರುವ ಮಾಳಿಗೆ ಎಂಬ ಮಾತು. ಬೆಂಗಳೂರು, ಮೈಸೂರಿನ ಕೇಳುಗನಿಗೆ ಮಾಳಿಗೆ ಎಂದರೆ ಮಹಡಿ, ಮೇಲಂತಸ್ತು. ಉಳ್ಳವರ ಮನೆಯ ಗುರುತು. ನಮ್ಮಲ್ಲಿ ಹಾಗಲ್ಲ. ಹಾನಗಲ್ಲಿನ ಮಲೆನಾಡು ಮಗ್ಗುಲಿನಲ್ಲಿ ಹಂಚಿನ ಮನೆ. ಶಿಗ್ಗಾವಿಯಿಂದ ಹಾವೇರಿ, ರಾಣೆಬೆನ್ನೂರಿನ ಬಯಲಿಗೆ ಬಂದರೆ ಮಾಳಿಗೆ ಮನೆ. ತೊಲೆ ಹಾಕಿ, ಮೇಲೆ ಜಂತೆ ಜೋಡಿಸಿ, ಅದರ ಮೇಲೆ ಸೊಪ್ಪುಸದೆ ಹಾಸಿ, ಮಣ್ಣು ಹೇರಿ ತುಳಿದು ಸಮ ಮಾಡಿದ ಚಪ್ಪಟೆ ಛಾವಣಿ ಅದು. ಬಡವನ ಮನೆಗೂ ಅದೇ, ಗೌಡರ ಮನೆಗೂ ಅದೇ. ಅದಕ್ಕೆ ಪ್ರತಿವರ್ಷ ಆರೈಕೆ ಬೇಕು. ಬಿಸಿಲಿಗೆ ಬಿರಿದ ಕಡೆ ಮುಂಗಾರಿಗೆ ಮೊದಲೇ ಹೊಸ ಮಣ್ಣು ಹಾಕಿ ಮೆತ್ತಬೇಕು, ಬೇರು ಬಿಟ್ಟ ಹುಲ್ಲು ಕೀಳಬೇಕು, ಇರುವೆ ಗೂಡು, ಇಲಿ ತೂತು ಮುಚ್ಚಬೇಕು. ಬ್ಯಾಡಗಿ ಹತ್ತಿರದ ನಮ್ಮ ಹಳ್ಳಿಯಲ್ಲಿ ರೋಹಿಣಿ ಮಳೆಗೆ ಮುಂಚೆ ನಮ್ಮಜ್ಜ ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ. ಒಂದು ವರ್ಷ ಹತ್ತದಿದ್ದರೆ ಮುಂದಿನ ಮಳೆಗಾಲದಲ್ಲಿ ಹಾಸಿಗೆಯ ಪಕ್ಕ ಪಾತ್ರೆ ಇಡಬೇಕಾಗುತ್ತಿತ್ತು.

ಹೀಗಾಗಿ ಮಾಳಿಗೆ ಸೋರುವುದು ನಮ್ಮಲ್ಲಿ ದೈವದ ಹೊಡೆತವಲ್ಲ, ಮನೆಯ ಯಜಮಾನ ಮಾಡದೆ ಬಿಟ್ಟ ಕೆಲಸದ ಫಲ. ಷರೀಫರು ಪಲ್ಲವಿಯಲ್ಲೇ ಸೋರಿಕೆಗೆ ಕಾರಣವನ್ನು ಒಂದು ಪದದಲ್ಲಿ ಹೇಳಿಬಿಡುತ್ತಾರೆ: ಅಜ್ಞಾನ. ಯಾರ ಅಜ್ಞಾನ? ಮುಂದಿನ ನುಡಿಗಳಲ್ಲಿ ತೊಲೆ ಮುರಿದದ್ದು, ಜಂತೆ ಹುಳ ಹಿಡಿದದ್ದು, ಕೀಲು ಸಡಿಲಾದದ್ದು, ಕರಿಕೆ ಹುಲ್ಲು ಬೆಳೆದು ಇರುವೆ ಮುತ್ತಿದ್ದು ಎಲ್ಲವನ್ನೂ ಬಡಗಿಯ ಕಣ್ಣಿನಲ್ಲಿ ಒಂದೊಂದಾಗಿ ಎಣಿಸಿ, ಕತ್ತಲಲ್ಲಿ ತಾನು ಮೇಲೆ ಹತ್ತಿ ನೋಡಲಾರೆ ಎನ್ನುತ್ತಾರೆ. ‘ನಾನು’ ಎಂಬ ಮಾತು ಅಲ್ಲಿದೆ. ಅಜ್ಞಾನ ಹಾಡುವವನದೇ. ಬೇರೆಯವರ ಮನೆ ಸೋರುವುದನ್ನು ತೋರಿಸುವ ಪದವಲ್ಲ ಇದು. ತನ್ನ ಮನೆಯೊಳಗೆ ಕೂತು ಒಪ್ಪಿಕೊಳ್ಳುವ ಪದ.

ಈಗ ಅಶ್ವತ್ಥರ ದನಿ ಕೇಳಿ. ಎದೆಯಿಂದ ಎದ್ದು ಬರುವ, ಮೈದಾನ ತುಂಬುವ ಕಂಠ. ಪಲ್ಲವಿಗೆ ಮರಳಿದಾಗಲೆಲ್ಲ ಆ ಕಂಠಕ್ಕೆ ಇನ್ನಷ್ಟು ತೂಕ ಬರುತ್ತದೆ, ‘ಅಜ್ಞಾನ’ ಎಂಬಲ್ಲಿ ಕೇಳುಗನ ಮೇಲೆ ಬಂದು ಬೀಳುತ್ತದೆ. ಕೇಳಿದವನಿಗೆ ಮೈ ಜುಮ್ಮೆನ್ನುತ್ತದೆ, ಸುಳ್ಳಲ್ಲ. ಆದರೆ ಅದು ಎಚ್ಚರಿಸುವ ಗುರುವಿನ ದನಿ. ಒಪ್ಪಿಕೊಳ್ಳುವ ಮನೆಯವನ ದನಿ ಅದರಲ್ಲಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಅಷ್ಟು ದೊಡ್ಡ ಜನಸಾಗರವನ್ನು ಹಿಡಿದಿಟ್ಟ ಕಂಠ ಅದು, ಕುವೆಂಪು ಅವರ ಗೀತೆಗಳಿಗೆ ಅದು ಒಪ್ಪುತ್ತದೆ. ಒಳಗೆ ಕೂತವನ ಮಾತನ್ನು ಅದೇ ಕಂಠ ಹೊರಗಿನ ಭಾಷಣವಾಗಿಸುತ್ತದೆ.

ಕೊನೆಯ ನುಡಿಗೆ ಬನ್ನಿ. ಅಲ್ಲಿ ಷರೀಫರು ಹೆಂಡತಿಯನ್ನು ಕರೆದು ಮಾತಾಡುತ್ತಾರೆ. ಇಡೀ ಪದ ಇಷ್ಟು ಹೊತ್ತೂ ಯಾರಿಗೆ ಹೇಳುತ್ತಿತ್ತು ಎಂಬುದು ಆಗ ತಿಳಿಯುತ್ತದೆ: ಊರಿಗಲ್ಲ, ಶಿಷ್ಯರಿಗಲ್ಲ, ಅದೇ ಸೂರಿನ ಕೆಳಗೆ ನೆನೆಯುತ್ತಿರುವ ಹೆಂಗಸಿಗೆ. ಹೇಳುವುದೇನೆಂದರೆ ಹುಬ್ಬಿ ಮಳೆ ಬಂತು ಎಂದು. ನಮ್ಮ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಹುಬ್ಬಿ ಎಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಮಳೆ. ಮುಂಗಾರು ಶುರುವಾಗಿ ಆಗಲೇ ಮೂರು ತಿಂಗಳು. ಮಾಳಿಗೆಗೆ ಮಣ್ಣು ಹಾಕುವ ಕಾಲ ಯಾವತ್ತೋ ದಾಟಿಹೋಗಿದೆ; ನೆಂದ ಮಾಳಿಗೆಯ ಮೇಲೆ ಕಾಲಿಟ್ಟರೆ ಅದೇ ಕುಸಿದೀತು. ಮೇಲೆ ಹತ್ತಲಾರೆ ಎಂದದ್ದು ಸೋಮಾರಿಯ ಮಾತಲ್ಲ, ತಡವಾಯಿತೆಂದು ತಿಳಿದವನ ಮಾತು ಎಂಬುದು ಇಲ್ಲಿ ಗೊತ್ತಾಗುತ್ತದೆ. ಇನ್ನೂ ಮುಂದೆ ಹೋಗಿ, ಆ ಮಳೆ ಕರುಣೆಯಿಂದ ಬಂತು ಎನ್ನುತ್ತಾರೆ. ಹೊಲದಲ್ಲಿ ಮೆಣಸಿನ ಗಿಡ ಕಾಯುತ್ತಿರುವುದು ಅದೇ ಮಳೆಗೆ, ಹಿಂಗಾರಿಯ ಜೋಳಕ್ಕೆ ನೆಲ ಹದವಾಗಬೇಕಾದದ್ದೂ ಅದರಿಂದಲೇ. ಹೊಲಕ್ಕೆ ಅನ್ನ ತರುವ ಮಳೆಯೇ ಮನೆಯನ್ನು ಕೆಡವುತ್ತಿದೆ. ಗಂಡ ಹೆಂಡತಿ ಕತ್ತಲಲ್ಲಿ ಕೂತು ಸೂರಿನ ಸದ್ದು ಕೇಳುತ್ತ, ಬೆಳೆ ಬಂದೀತೆಂದು ಸಮಾಧಾನಪಡುತ್ತ, ಶಿಶುನಾಳಧೀಶ ಹೇಗಾದರೂ ಕಾಯುತ್ತಾನೆಂದು ನಂಬುತ್ತಾರೆ. ಒಂದೇ ಉಸಿರಿನಲ್ಲಿ ಭಯ, ತಪ್ಪೊಪ್ಪಿಗೆ, ಕೃತಜ್ಞತೆ, ನಂಬಿಕೆ ನಾಲ್ಕೂ ಇವೆ. ಅಶ್ವತ್ಥ್ ಕೊನೆಯ ನುಡಿಯನ್ನೂ ಮೊದಲ ನುಡಿಯ ಸಂಕಟದಲ್ಲೇ ಹಾಡುತ್ತಾರೆ. ಹುಬ್ಬಿ ಎಂಬ ಮಾತು ಯಾವುದೋ ಒಂದು ಮಳೆಯ ಹೆಸರಾಗಿ ಕಿವಿಯ ಮುಂದೆ ಹಾದುಹೋಗುತ್ತದೆ. ಹೆಂಡತಿಯಂತೂ ಹಾಡಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಇದೇ ಪದವನ್ನು ನಮ್ಮ ಕಡೆಯ ಮೇಳದಲ್ಲಿ ಒಂದು ರಾತ್ರಿ ಕೇಳಿದ್ದೇನೆ. ಒಬ್ಬರು ಹಾರ್ಮೋನಿಯಂ, ಒಬ್ಬರು ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಹಿಡಿಯುತ್ತಾರೆ. ಅವರು ಹಿಡಿದ ಮೇಲೆ ಮುಂದಿನವರು ಅದನ್ನೇ ಇನ್ನೊಂದು ಬಗೆಯಲ್ಲಿ ತಿರುವಿ ಕೊಡುತ್ತಾರೆ. ಒಪ್ಪಿಕೊಂಡ ತಪ್ಪು ಒಬ್ಬನ ಮೇಲೆ ಉಳಿಯುವುದಿಲ್ಲ, ಕೂತವರೆಲ್ಲ ಹಂಚಿಕೊಳ್ಳುತ್ತಾರೆ. ಕೊನೆಯ ನುಡಿಗೆ ಬಂದಾಗ ಆ ರಾತ್ರಿ ತಾಳ ಸಣ್ಣದಾಯಿತು, ದನಿ ಇಳಿಯಿತು. ಯಾಕೆಂದು ಕೇಳಿದಾಗ ಮೇಳದ ಹಿರಿಯರು, “ಮನಿ ಸೋರೂದನ್ನ ಯಾರರ ಊರ ಮುಂದ ಕೂಗಿ ಹೇಳ್ತಾರೇನು ತಮ್ಮಾ?” ಎಂದರು. ಈ ಪದದ ಮೇಲೆ ನಾನು ಓದಿದ ಯಾವ ವ್ಯಾಖ್ಯಾನವೂ ಇಷ್ಟು ಸರಿಯಾಗಿ ಹೇಳಿಲ್ಲ.

ಕವಿಯೊಬ್ಬನ ಹಾಡನ್ನು ಮತ್ತೊಂದು ಪರಂಪರೆಯ ಗಾಯಕರು ಎತ್ತಿಕೊಳ್ಳುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಅಮೆರಿಕದಲ್ಲಿ ಬಾಬ್ ಡಿಲನ್ನನ ಹಾಡುಗಳನ್ನು ಕಪ್ಪುಜನರ ಸೋಲ್ ಗಾಯಕರು ಹಾಡಿದರು. ‘ಬ್ಲೋಯಿನ್ ಇನ್ ದ ವಿಂಡ್’ ಹಾಡನ್ನು 1966ರಲ್ಲಿ ಹದಿಹರೆಯದ ಸ್ಟೀವಿ ವಂಡರ್ ಹಾಡಿದಾಗ ಕ್ಲಾರೆನ್ಸ್ ಪಾಲ್ ಎಂಬಾತ ಜೊತೆಗೂಡಿ ಅವನ ಸಾಲುಗಳಿಗೆ ಸಾಲು ಕೂಡಿಸುತ್ತಾನೆ. ಒಬ್ಬ ಹೇಳುವುದು, ಇನ್ನೊಬ್ಬ ಹಿಡಿಯುವುದು; ಅವರ ಚರ್ಚಿನ ಪದ್ಧತಿಯೇ ಅದು. ಡಿಲನ್ ಆ ಹಾಡಿನ ಧಾಟಿ ಕಟ್ಟಿದ್ದು ಗುಲಾಮಗಿರಿಯ ಕಾಲದ ಕಪ್ಪುಜನರ ಹಾಡೊಂದರಿಂದ. ಸ್ಟೀವಿ ವಂಡರ್ ಅದನ್ನು ತವರಿಗೆ ಕರೆತಂದ. ಪ್ರಶ್ನೆಗಳನ್ನು ಎತ್ತುವ ಹಾಡಿಗೆ ಓಗೊಡುವವರು ಸಿಕ್ಕರು. ನಮ್ಮಲ್ಲಿ ನಡೆದದ್ದು ತಿರುಗುಮುರುಗು. ಹಿಡಿಯುವವರಿದ್ದ ಹಾಡನ್ನು ಅವರಿಂದ ಬಿಡಿಸಿ ಒಂಟಿ ಗಾಯಕನ ಕೈಗೆ ಕೊಟ್ಟೆವು. ಹಿಂದೆ ಕೋರಸ್ ಇದ್ದರೂ ಅದು ಬರೆದುಕೊಟ್ಟದ್ದನ್ನು ಹಾಡುವ ಕೋರಸ್. ಮೇಳದವರಿಗೆ ಸಾಲನ್ನು ಹಿಡಿಯುವ ಹಕ್ಕೂ ಇತ್ತು, ತಿರುವುವ ಹಕ್ಕೂ ಇತ್ತು.

ಇಲ್ಲಿ ರಘು ದೀಕ್ಷಿತರ ಮಾತು ಬರಲೇಬೇಕು. 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅವರು ಗುಡುಗುಡಿಯ ಪದ ಹಾಡಿದರು, 2013ರಲ್ಲಿ ‘ಲೋಕದ ಕಾಳಜಿ’ ಹಾಡಿದರು. ಗಿಟಾರು ಹಿಡಿದು ಕುಣಿದು ಷರೀಫಜ್ಜನ ಮಾನ ಕಳೆದರು ಎಂದು ಸಿಟ್ಟಾದವರು ಅಶ್ವತ್ಥರ ಅಭಿಮಾನಿಗಳೇ. ಅವರ ವಾದವನ್ನು ನಾನು ಸುತರಾಂ ಒಪ್ಪುವುದಿಲ್ಲ. ಗಿಟಾರು ಹೊರಗಿನದಾದರೆ ಸುಗಮ ಸಂಗೀತದ ಪಿಟೀಲು ಸಾಲು ಶಿಶುನಾಳದಲ್ಲಿ ಹುಟ್ಟಿತೇ? ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ವಾದ್ಯದ ಜಾತಿ ಹುಡುಕುವುದು ಷರೀಫರ ಮುಂದೆ ನಿಂತು ಮಾಡುವ ಕೆಲಸವಲ್ಲ. ದೀಕ್ಷಿತರ ಹಾಡಿನಲ್ಲಿ ಮಾತಿನ ಒಳಗೆ ಇಳಿಯುವ ತಾಳ್ಮೆ ಕಡಿಮೆ, ಗುಡುಗುಡಿಯೊಳಗಿನ ದೇಹತತ್ವ ಕುಣಿತದ ಧೂಳಿನಲ್ಲಿ ಮಸುಕಾಗುತ್ತದೆ. ಆದರೂ ಅವರು ಒಂದು ಕೆಲಸ ಮಾಡುತ್ತಾರೆ: ಸಾಲನ್ನು ಜನರಿಗೆ ಕೊಡುತ್ತಾರೆ, ಜನ ಹಿಡಿದು ವಾಪಸು ಕೊಡುತ್ತಾರೆ. ಭಜನೆಯ ಮೈಕಟ್ಟು ಅಲ್ಲಿ ಉಳಿದಿದೆ. ಮೇಳದ ಬಾಗಿಲಿಗೆ ಅಶ್ವತ್ಥರಿಗಿಂತ ದೀಕ್ಷಿತರು ಹತ್ತಿರ ನಿಂತಿದ್ದಾರೆ. ಇದನ್ನು ಹೇಳಿದ್ದಕ್ಕೆ ಎರಡು ಸಭೆಗಳಲ್ಲಿ ನಾನು ಬೈಸಿಕೊಂಡಿದ್ದೇನೆ. ಮಾತು ಬದಲಿಸುವುದಿಲ್ಲ.

ವಿಮರ್ಶಕರೊಡನೆ ನನ್ನ ಇನ್ನೊಂದು ಜಗಳ ‘ಕರ್ನಾಟಕದ ಕಬೀರ’ ಎಂಬ ಬಿರುದಿನದು. ಕ್ಯಾಸೆಟ್ಟಿನ ಹೊದಿಕೆಗೆ, ಭಾಷಣದ ಮೊದಲ ಸಾಲಿಗೆ ಅದು ಅನುಕೂಲ. ಕಳಸದ ಗೋವಿಂದಭಟ್ಟರ ಶಿಷ್ಯನಾದ ಮುಸಲ್ಮಾನನ ಕತೆ, ರಾಷ್ಟ್ರೀಯ ಐಕ್ಯ, ಅಲ್ಲಿಗೆ ಮುಗಿಯಿತು. ಈ ಬಿರುದನ್ನು ಮುಂದಿಟ್ಟುಕೊಂಡು ಆಯ್ದರೆ ಸಮನ್ವಯದ, ವೈರಾಗ್ಯದ ಪದಗಳು ಮಾತ್ರ ಕೈಗೆ ಬರುತ್ತವೆ. ಮೊಹರಮ್ಮಿನ ಹೆಜ್ಜೆ ಮೇಳಕ್ಕೆ ಷರೀಫರು ಕಟ್ಟಿದ ಅಲಾವಿ ಪದಗಳು, ರಿವಾಯತುಗಳು ಹೊರಗೇ ಉಳಿಯುತ್ತವೆ. ಕರ್ಬಲಾದ ಸಂಕಟವನ್ನು ನಮ್ಮ ನೆಲದ ಕನ್ನಡದಲ್ಲಿ ಹಾಡಿದ ಕವಿಯನ್ನು ಪ್ರಸಿದ್ಧ ಧ್ವನಿಮುದ್ರಿಕೆಗಳಲ್ಲಿ ನಾನು ಕೇಳಿಲ್ಲ. ನೂರಾರು ಪದಗಳ ಕವಿಯನ್ನು ಹದಿನೈದಿಪ್ಪತ್ತು ಪದಗಳಿಗೆ ಇಳಿಸಿ, ಕೋಮು ಸೌಹಾರ್ದದ ಫಲಕಕ್ಕೆ ಆತನ ಮುಖ ಅಂಟಿಸಿದ್ದೇವೆ. ಹೆಜ್ಜೆ ಹಾಕುತ್ತ ಅಲಾವಿ ಪದ ಹಾಡುವ ಹಳ್ಳಿಗಳಲ್ಲಿ ಸೌಹಾರ್ದ ಎಂಬ ಪದ ಯಾರೂ ಬಳಸುವುದಿಲ್ಲ. ಲಿಂಗಾಯತ ಹುಡುಗರೂ ಮುಸಲ್ಮಾನ ಹುಡುಗರೂ ಒಂದೇ ಸಾಲಿನಲ್ಲಿ ಹೆಜ್ಜೆ ಹಾಕುತ್ತಾರೆ.

ಕ್ಯಾಸೆಟ್ಟಿನ ಧಾಟಿ ಇಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ತಿರುಗಿ ಮೇಳಕ್ಕೇ ಬಂದಿದೆ. ರಾಣೆಬೆನ್ನೂರು ಕಡೆಯ ಭಜನಾ ಸ್ಪರ್ಧೆಯೊಂದರಲ್ಲಿ ಒಂದರ ಹಿಂದೊಂದು ಮೇಳ ಬಂದು ಸಿನಿಮಾದ ಧಾಟಿಯಲ್ಲೇ ಹಾಡಿತು. ತಮ್ಮೂರಿನ ಹಳೇ ಧಾಟಿಯಲ್ಲಿ ಹಾಡಿದ ಮೇಳಕ್ಕೆ ‘ರಾಗ ಸರಿಯಿಲ್ಲ’ ಎಂದು ಅಂಕ ಕಳೆದರು. ‘ಮನಿ’ ಎಂದು ಹಾಡುತ್ತಿದ್ದ ಹುಡುಗರು ‘ಮನೆ’ ಎಂದು ತಿದ್ದಿಕೊಂಡು ಹಾಡುತ್ತಾರೆ. ಒಂದೊಂದು ಹಳ್ಳಿಗೆ ಒಂದೊಂದು ಧಾಟಿ ಇದ್ದ ಪದಕ್ಕೆ ಈಗ ಒಂದೇ ಧಾಟಿ. ಅಶ್ವತ್ಥ್ ಇದನ್ನು ಬಯಸಿರಲಿಕ್ಕಿಲ್ಲ. ಆದರೆ ಮೂಲ ಯಾವುದು, ಪ್ರತಿ ಯಾವುದು ಎಂದು ಹೇಳಬೇಕಾದವರು ವಿಮರ್ಶಕರಾಗಿದ್ದರು. ಅವರು ಹೇಳಲಿಲ್ಲ.

ಶಿಶುನಾಳ ಇರುವ ಶಿಗ್ಗಾವಿ ತಾಲ್ಲೂಕಿನಲ್ಲೇ, ಗೊಟಗೋಡಿಯಲ್ಲಿ, ಜಾನಪದ ವಿಶ್ವವಿದ್ಯಾಲಯವಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಓದುಗರಲ್ಲಿ ನನ್ನದೊಂದು ಕೋರಿಕೆ. ಬರುವ ಶ್ರಾವಣದಲ್ಲಿ ನಿಮ್ಮೂರ ಗುಡಿಯ ಭಜನೆಯಲ್ಲಿ, ಮೊಹರಮ್ಮಿನಲ್ಲಿ ಅಲಾವಿ ಕುಣಿಯ ಸುತ್ತ, ಹಿರಿಯರು ಹಾಡುವಾಗ ಹತ್ತಿರ ಕೂತು ಫೋನಿನಲ್ಲಿ ಹಿಡಿದಿಡಿ, ಮೈಕು ಬೇಡ. ಊರಿನ ಹೆಸರು, ಹಾಡಿದವರ ಹೆಸರು, ಅವರು ಯಾರಿಂದ ಕಲಿತರೆಂಬುದನ್ನು ಬರೆದು ಒಂದು ಪ್ರತಿಯನ್ನು ಗೊಟಗೋಡಿಗೆ ಮುಟ್ಟಿಸಿ. ನಡುವೆ ಯಾರಾದರೂ ಕೆಮ್ಮಿದ್ದರೂ, ತಾಳ ತಪ್ಪಿದ್ದರೂ ಏನನ್ನೂ ಕತ್ತರಿಸಬೇಡಿ.