ಎಲೆಯನ್ನು ಕಾಣದ ಪ್ರಶ್ನಪತ್ರಿಕೆ

ಪುಸ್ತಕಗಳ ವಿಮರ್ಶೆ ಬರುವ ಪುಟದಲ್ಲಿ ಶಾಲೆಯ ಪ್ರಶ್ನಪತ್ರಿಕೆಯೊಂದನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ, ಓದುಗರು ಮನ್ನಿಸಬೇಕು. ನಮ್ಮ ಮನೆಗಳಲ್ಲಿ ಯಾವ ಕಾದಂಬರಿಗಿಂತಲೂ ಗಾಬರಿಯಿಂದ ಓದಿಸಿಕೊಳ್ಳುವ ಕೃತಿ ಅದೇ ತಾನೆ?

ಡೊಂಬಿವಲಿಯಲ್ಲಿ ಓದುತ್ತಿರುವ ನನ್ನ ಮಗಳ ಜೀವಶಾಸ್ತ್ರದ ಪತ್ರಿಕೆ ಅದು. ಪ್ರಯೋಗ ಹಳೆಯದೇ: ಕುಂಡದ ಗಿಡವನ್ನು ಎರಡು ದಿನ ಕತ್ತಲಲ್ಲಿಟ್ಟು, ಎಲೆಯೊಂದರ ನಡುವೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಟ್ಟು, ಆಮೇಲೆ ಆ ಎಲೆಯನ್ನು ಸ್ಪಿರಿಟ್ಟಿನಲ್ಲಿ ಬೇಯಿಸಿ ಅಯೋಡಿನ್ ಹಾಕುವುದು. ಬಿಸಿಲು ಬಿದ್ದ ಭಾಗದಲ್ಲಿ ಪಿಷ್ಟವಿರುವುದರಿಂದ ಅದು ಕಡುನೀಲಿ; ಮುಚ್ಚಿದ ಭಾಗ ಬರೀ ಕಂದು. ಸ್ಪಿರಿಟ್ಟಿನಲ್ಲಿ ಬೇಯಿಸುವುದೇಕೆಂಬ ಪ್ರಶ್ನೆಗೆ ಅವಳು, ಹಸಿರು ಹೋದರೆ ನೀಲಿ ಕಾಣುತ್ತದೆ ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಬರೆದಳು. ಅರ್ಧ ಅಂಕ ಹೋಯಿತು. ಉತ್ತರದಲ್ಲಿ ಕ್ಲೋರೊಫಿಲ್ ಎಂಬ ಶಬ್ದವಿರಲಿಲ್ಲವಂತೆ!

ಶಬ್ದ ಬೇಡವೆನ್ನುವವನು ನಾನಲ್ಲ. ಆದರೆ ನಮ್ಮ ಜೀವಕೋಶ ಮರಾಠಿಯಲ್ಲಿ 'ಪೇಶಿ'. ಅದೇ 'ಪೇಶಿ' ಹಿಂದಿಗೆ ಹೋದರೆ ಸ್ನಾಯು. ಈರುಳ್ಳಿಯ ಪೊರೆ ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಜೋಡಿಸಿದಂತೆ ಕಾಣುವುದನ್ನು ನೋಡಿದ ಮಗುವಿಗೆ ಯಾವ ಹೆಸರಾದರೂ ನಿಲ್ಲುತ್ತದೆ. ನೋಡದ ಮಗುವಿಗೆ ಎಲ್ಲವೂ ಬಾಯಿಪಾಠ. ಕಚೇರಿಯಲ್ಲಿ ಹಳೆಯ ಫೈಲಿನ ಮಾತನ್ನೇ ಎತ್ತಿ ಬರೆದರೆ ಸಾಹೇಬರ ಸಹಿ ಬೇಗ ಬೀಳುತ್ತದೆ, ನಿಜ. ವಿಜ್ಞಾನಕ್ಕೂ ಅದೇ ಪದ್ಧತಿಯೆ?

ಪತ್ರಿಕೆಯ ದೊಡ್ಡ ದೋಷವಿರುವುದು ಅದು ಕೇಳದೆ ಬಿಟ್ಟದ್ದರಲ್ಲಿ. ಮುಚ್ಚಿದ ಭಾಗವೂ ನೀಲಿಯಾದರೆ ತಪ್ಪೆಲ್ಲಿ ನಡೆಯಿತು? ಈ ಒಂದು ಪ್ರಶ್ನೆ ಸಾಕಿತ್ತು. ಎಲೆಯಲ್ಲಿ ಮೊದಲೇ ಕೂಡಿಟ್ಟ ಪಿಷ್ಟ ಕರಗಿಹೋಗಲೆಂದೇ ಗಿಡವನ್ನು ಕತ್ತಲಲ್ಲಿಡುವುದು ಎಂದು ತಿಳಿದವರು ಮಾತ್ರ ಇದಕ್ಕೆ ಉತ್ತರಿಸಬಲ್ಲರು. ಗೈಡು ಉರುಹೊಡೆದವರಿಗೆ ಸಾಧ್ಯವಿಲ್ಲ.

2008ರಲ್ಲಿ ಅಂತರರಾಷ್ಟ್ರೀಯ ಜೀವಶಾಸ್ತ್ರ ಒಲಿಂಪಿಯಾಡ್ ನಮ್ಮ ಮುಂಬಯಿಯಲ್ಲೇ ನಡೆಯಿತು. ವಾಶಿಯ ರೈಲುದಾರಿಯಲ್ಲಿ ಸಿಗುವ ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಅದರ ಹೊಣೆ ಹೊತ್ತಿತ್ತು. ಆ ಸ್ಪರ್ಧೆಯಲ್ಲಿ ಬರವಣಿಗೆಯ ಜೊತೆಗೆ ಪ್ರಯೋಗದ ಪರೀಕ್ಷೆಯೂ ಕಡ್ಡಾಯ. ಇಷ್ಟು ಹತ್ತಿರದ ಮೇಲ್ಪಂಕ್ತಿ ನಮ್ಮ ಶಾಲೆಗಳಿಗೆ ಏಕೆ ಕಾಣುವುದಿಲ್ಲವೋ! ಹಾಗೆಂದು ನಾನೇನೂ ಸಾಚಾ ಅಲ್ಲ, ಬಿ.ಎಸ್ಸಿ.ಯಲ್ಲಿ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿಯೇ ಪಾಸಾದವನು.

ಕಳೆದ ಭಾನುವಾರ ಬಾಲ್ಕನಿಯ ದಾಸವಾಳದ ಮೇಲೆ ಅದೇ ಪ್ರಯೋಗ ಮಾಡಿದೆವು. ಸ್ಪಿರಿಟ್ಟಿಗೆ ಬೆಂಕಿ ತಗುಲುವ ಭಯ, ಆದ್ದರಿಂದ ಒಲೆ ಆರಿಸಿ ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟೆವು. ಕೊನೆಗೆ ನೋಡಿದರೆ ಮುಚ್ಚಿದ ಭಾಗವೂ ನೀಲಿ! ನಾನು ಅಯೋಡಿನ್ನಿನ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. "ಅಪ್ಪಾ, ಗಿಡವನ್ನು ನಾವು ಕತ್ತಲಲ್ಲಿ ಇಟ್ಟದ್ದು ಒಂದೇ ರಾತ್ರಿ" ಎಂದಳು ಮಗಳು.