ಒಂಟಿ ಸೀಟಿನ ಪೆರಾಕ್

ವಾರಾಂತ್ಯ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಯ ದಪ್ಪ ಟೈರಿನ ಗಾಡಿಗಳು ದಾಂಡೇಲಿ, ಜೋಯಿಡಾ ದಾರಿ ಹಿಡಿಯುತ್ತವೆ. ಅವುಗಳ ನಡುವೆ ಜಾವಾ ಪೆರಾಕ್ ಕಂಡರೆ ಕಣ್ಣು ತಾನಾಗಿ ನಿಲ್ಲುತ್ತದೆ. ಕಪ್ಪು ಬಣ್ಣ, ನೀಳ ಮೈ, ಗಾಳಿಯಲ್ಲಿ ತೇಲುವಂತೆ ಕೂರಿಸಿದ ಒಂದೇ ಸೀಟು, ಗಿಡ್ಡ ಮಡ್‌ಗಾರ್ಡ್. ನೋಟದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಲೇಬೇಕು.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಸವಾರರು ಭಾರ ಇಳಿಸಲೆಂದು ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದನ್ನೆಲ್ಲ ಬಿಚ್ಚಿ ಎಸೆದು ಬೈಕಿಗೆ ಬಾಬರ್ ಎಂಬ ರೂಪ ಕೊಟ್ಟರು; ಪೆರಾಕ್‌ನದೂ ಅದೇ ರೂಪ. ಗ್ಯಾರೇಜಿನ ಈ ಕಸುಬನ್ನು ಕಾರ್ಖಾನೆಗೆ ತಂದದ್ದು 1971ರ ಹಾರ್ಲೆ ಡೇವಿಡ್ಸನ್ ಸೂಪರ್ ಗ್ಲೈಡ್; ರೂಪಿಸಿದವರು ವಿಲ್ಲಿ ಜಿ. ಡೇವಿಡ್ಸನ್. ಮಹೀಂದ್ರಾ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ 2019ರ ನವೆಂಬರಿನಲ್ಲಿ ಪೆರಾಕನ್ನು 1.94 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ತಂದಾಗ ‘ಫ್ಯಾಕ್ಟರಿ ಕಸ್ಟಮ್’ ಎಂದೇ ಸಾರಿತು. ನಮ್ಮಲ್ಲಿ ಇದಕ್ಕೊಂದು ಬಲವಾದ ಸಮರ್ಥನೆಯೂ ಉಂಟು. ಮೂಲ ವಿನ್ಯಾಸ ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಇನ್ನಷ್ಟು ಖಚಿತಪಡಿಸಿತು. ಕಾರ್ಖಾನೆಯೇ ಕತ್ತರಿಸಿ ಕೊಟ್ಟ ಗಾಡಿಗೆ ಆರ್‌ಟಿಒ ಭಯವಿಲ್ಲ. 334 ಸಿಸಿಯ, ಸುಮಾರು 30 ಅಶ್ವಶಕ್ತಿಯ ಎಂಜಿನ್ ಅಣಶಿ ಘಟ್ಟದ ಏರಿಗೂ ಸಾಲುತ್ತದೆ.

ತಕರಾರು ಇರುವುದು ಹೆಸರಿನ ಹಕ್ಕಿನ ಬಗ್ಗೆ. ಮೂಲ ಪೆರಾಕ್ ಜೆಕ್ ನಾಡಿನದು. ಜರ್ಮನ್ ಆಕ್ರಮಣದ ದಿನಗಳಲ್ಲಿ ಗುಟ್ಟಾಗಿ ರೂಪುಗೊಂಡು 1946ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ 250 ಸಿಸಿ ಗಾಡಿ ಅದು. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದೆ ಎಂಬುದೇ ಆಗ ಅದರ ಹೆಚ್ಚುಗಾರಿಕೆ. ಹೊಸ ಪೆರಾಕ್ ಹಿಂಬದಿಯ ಮೊನೊಶಾಕನ್ನು ಮರೆಮಾಡಿ, ಸಸ್ಪೆನ್ಷನ್ನೇ ಇಲ್ಲದ ಹಳೆಯ ಗಾಡಿಯಂತೆ ಕಾಣಲು ಹವಣಿಸುತ್ತದೆ. ಅಜ್ಜ ಹೆಮ್ಮೆಪಟ್ಟದ್ದನ್ನು ಮೊಮ್ಮಗ ಬಚ್ಚಿಡುತ್ತಾನೆ.

ಕನ್ನಡಿಗರಿಗೆ ಜಾವಾ ಎಂದರೆ ಮೈಸೂರು. ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿಯವರ ಐಡಿಯಲ್ ಜಾವಾ ಯಾದವಗಿರಿಯಲ್ಲಿ 1961ರಿಂದ ಗಾಡಿ ಕಟ್ಟಿತು, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿತು, 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರ್‌ಗೂ ಗೇರಿಗೂ ಒಂದೇ ಲಿವರ್, ಎರಡು ಸೈಲೆನ್ಸರ್, ಉದ್ದನೆಯ ಡಬಲ್ ಸೀಟು. ಕ್ಯಾರಿಯರ್, ಸಾರಿ ಗಾರ್ಡ್, ಲೆಗ್ ಗಾರ್ಡ್ ಹಾಕಿಸಿ ಜನ ಅದನ್ನು ಮನೆಗೆ ಒಗ್ಗಿಸಿಕೊಂಡರು. ಬಿಚ್ಚಿ ಎಸೆಯುವುದಲ್ಲ, ಸೇರಿಸಿಕೊಳ್ಳುವುದು ನಮ್ಮ ಕಸ್ಟಮ್. ಇಂದಿನ ಜಾವಾ ಹುಟ್ಟುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನಿಂದ ಅದಕ್ಕೆ ದಕ್ಕಿದ್ದು ನೆನಪಿನ ಬೆಲೆ ಮಾತ್ರ.

ಬಿಚ್ಚುವುದಕ್ಕೂ ಸೇರಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಹಳಿಯಾಳದ ಸಂತೆಗೋ ಮುಂಡಗೋಡದ ಟಿಬೆಟನ್ ಕ್ಯಾಂಪಿಗೋ ಹೋಗಬೇಕು. ಇಲ್ಲಿ ಬೈಕೆಂದರೆ ಹೆಂಡತಿ, ಮಗು, ಅಕ್ಕಿ ಚೀಲ, ಆಸ್ಪತ್ರೆ. ಒಬ್ಬನನ್ನೇ ಹೊರುವ ಗಾಡಿಗೆ ಇಂಥ ಮನೆಯಲ್ಲಿ ಎರಡನೇ ಗಾಡಿಯಾಗಿಯಷ್ಟೇ ಜಾಗ. ನೆಲದಿಂದ 145 ಮಿಲಿಮೀಟರ್ ಮೇಲಿರುವ ಗಾಡಿಯ ಹೊಟ್ಟೆ, ಎತ್ತರದ ರಸ್ತೆ ಉಬ್ಬಿಗೂ ಕಾಡಿನ ಕಚ್ಚಾ ದಾರಿಗೂ ಹೇಳಿಮಾಡಿಸಿದ್ದಲ್ಲ. ಜೋಯಿಡಾದ ಮಳೆಗಾಲದಲ್ಲಿ ಗಿಡ್ಡ ಮಡ್‌ಗಾರ್ಡಿನ ಕೊರತೆಯನ್ನು ಸವಾರನ ಬೆನ್ನೇ ಹೇಳುತ್ತದೆ. ಕಂಪನಿ 2024ರಲ್ಲಿ ಫುಟ್‌ಪೆಗ್ ಮುಂದಕ್ಕೆ ಸರಿಸಿತು, ಸೀಟು ಬದಲಿಸಿತು. ಸುಧಾರಣೆಯೆಲ್ಲ ಒಬ್ಬನ ಸುಖಕ್ಕೇ ಆಯಿತು.

ಪೆರಾಕ್ ಕೆಟ್ಟ ಗಾಡಿಯಲ್ಲ. ಒಂಟಿಯಾಗಿ, ಡಾಂಬರು ದಾರಿಯಲ್ಲಿ, ಮಳೆ ನಿಂತ ಮೇಲೆ ಗಣೇಶಗುಡಿಯತ್ತ ಹೋಗುವವರಿಗೆ ಅದು ಕೊಟ್ಟ ಕಾಸಿಗೆ ಮೋಸ ಮಾಡದು. ಮೈಸೂರು ಜಾವಾದ ವಾರಸುದಾರನೆಂದು ನಂಬಿ ಕೊಳ್ಳುವವರು ಮಾತ್ರ, ಮೊದಲು ಮನೆಯವರನ್ನು ಶೋರೂಮಿಗೆ ಕರೆದೊಯ್ದು ಅವರು ಎಲ್ಲಿ ಕೂರಬೇಕೆಂದು ಕೇಳುವುದು ಒಳ್ಳೆಯದು.